ಇಪ್ಪತ್ತಾರು ಅಂಕಿಗಳ ಒಳಗೇನಿದೆ?

(ಮಹಿಳಾ ವಿಭಾಗದ ಕಾರ್ಯಕ್ರಮದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಗೋರೆಗಾಂವಿನಲ್ಲಿ ನಾವು ಸೇರಿದಾಗಲೆಲ್ಲ ಕವಿತೆ, ಹಾಡು, ಆರೋಗ್ಯ, ಅಡುಗೆ ಎಲ್ಲದರ ಬಗ್ಗೆಯೂ ಮಾತಾಗುತ್ತದೆ. ಗಣಿತದ ಬಗ್ಗೆ ಮಾತಾಗುವುದು ಕಡಿಮೆ. ನಾನು ಸಾಫ್ಟ್‌ವೇರ್ ಕ್ಷೇತ್ರದವಳಾದ್ದರಿಂದ ಈ ಸಲ ಆ ಕೊರತೆ ತುಂಬುವ ಕೆಲಸ ನನ್ನ ಪಾಲಿಗೆ ಬಂದಿದೆ. ಹೆದರಬೇಡಿ, ಬೀಜಗಣಿತ ತರುವುದಿಲ್ಲ. ಏಳನೇ ಕ್ಲಾಸಿನ ಕೂಡುವುದು, ಗುಣಿಸುವುದು ಸಾಕು. ಅಷ್ಟನ್ನು ಹಿಡಿದುಕೊಂಡು ನಮ್ಮವರೇ ಆದ ಒಬ್ಬ ಹೆಣ್ಣುಮಗಳು ಹೇಳಿದ ಒಂದು ಬಹಳ ದೊಡ್ಡ ಸಂಖ್ಯೆಯ ಒಳಗೆ ಹೋಗಿ ನೋಡೋಣ.

ಶಕುಂತಲಾ ದೇವಿಯವರ ಹೆಸರು ಕೇಳದವರು ಇಲ್ಲಿ ಯಾರೂ ಇರಲಿಕ್ಕಿಲ್ಲ. 2020ರಲ್ಲಿ ವಿದ್ಯಾ ಬಾಲನ್ ಅಭಿನಯದ ಸಿನಿಮಾ ಬಂದ ಮೇಲೆ ಮಕ್ಕಳಿಗೂ ಗೊತ್ತು. 1929ರ ನವೆಂಬರ್ 4ರಂದು ಬೆಂಗಳೂರಿನಲ್ಲಿ ಹುಟ್ಟಿದವರು. ತಂದೆ ಸರ್ಕಸ್ಸಿನಲ್ಲಿದ್ದವರು. ಮಗಳ ಜೊತೆ ಇಸ್ಪೀಟೆಲೆ ಆಡುವಾಗ ಅವಳ ಅಂಕಿಗಳ ನೆನಪು ಕಂಡು ಬೆರಗಾದವರು. ಕ್ರಮಬದ್ಧ ಶಾಲಾ ಶಿಕ್ಷಣ ಆಕೆಗೆ ಸಿಗಲಿಲ್ಲ. ನಮ್ಮ ಮುಂಬಯಿಗೂ ಅವರಿಗೂ ಒಂದು ನಂಟಿದೆ. 1980ರ ಲೋಕಸಭಾ ಚುನಾವಣೆಯಲ್ಲಿ ಅವರು ಪಕ್ಷೇತರರಾಗಿ ದಕ್ಷಿಣ ಮುಂಬಯಿಯಿಂದಲೂ, ಇಂದಿರಾ ಗಾಂಧಿಯವರ ಎದುರು ಮೆದಕ್‌ನಿಂದಲೂ ನಿಂತಿದ್ದರು.

ಅದೇ 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಕಂಪ್ಯೂಟರ್ ವಿಭಾಗದವರು ಯಾದೃಚ್ಛಿಕವಾಗಿ ಎರಡು ಸಂಖ್ಯೆಗಳನ್ನು ಆರಿಸಿ ಅವರ ಮುಂದಿಟ್ಟರು. ಪರದೆಯ ಮೇಲೆ ನೋಡಿ. ಓದಲು ಅನುಕೂಲವಾಗಲೆಂದು ಮೂರು ಮೂರು ಅಂಕಿಗೆ ಒಂದು ಅಲ್ಪವಿರಾಮ ಹಾಕಿದ್ದೇನೆ.

7,686,369,774,870
2,465,099,745,779

ಎರಡೂ 13 ಅಂಕಿಯವು. ಇವನ್ನು ಗುಣಿಸಬೇಕು. ಅವರು 28 ಸೆಕೆಂಡಿನಲ್ಲಿ ಕೊಟ್ಟ ಉತ್ತರ ಇದು:

18,947,668,177,995,426,462,773,730

26 ಅಂಕಿ. ಗಿನ್ನೆಸ್ ದಾಖಲೆಗಳ 1982ರ ಪುಸ್ತಕದಲ್ಲಿ ಈ ಸಾಧನೆ ಸೇರಿತು.

ಸಾಮಾನ್ಯವಾಗಿ ಭಾಷಣಗಳಲ್ಲಿ ಇಲ್ಲಿಗೆ ಚಪ್ಪಾಳೆ ಬೀಳುತ್ತದೆ, ಮಾತು ಮುಂದಕ್ಕೆ ಹೋಗುತ್ತದೆ. ನಾವು ಸ್ವಲ್ಪ ನಿಲ್ಲೋಣ. ಈ ಉತ್ತರ ಸರಿಯೋ ತಪ್ಪೋ ಎಂದು ಕ್ಯಾಲ್ಕುಲೇಟರ್ ಇಲ್ಲದೆ ನಾವೇ ಪರೀಕ್ಷಿಸಬಹುದೇ? ಬಹುದು. ಪೆನ್ನು, ಕಾಗದ ಇದ್ದವರು ತೆಗೆಯಿರಿ.

ಹಳೆಯ ಮೇಷ್ಟ್ರುಗಳು ಹೇಳಿಕೊಡುತ್ತಿದ್ದ ಒಂಬತ್ತರ ತಾಳೆ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಒಂದು ಸಂಖ್ಯೆಯ ಅಂಕಿಗಳನ್ನೆಲ್ಲ ಕೂಡಿ, ಬಂದ ಮೊತ್ತದ ಅಂಕಿಗಳನ್ನು ಮತ್ತೆ ಕೂಡಿ, ಒಂದೇ ಅಂಕಿ ಉಳಿಯುವವರೆಗೆ ಮುಂದುವರಿಯುವುದು. ಮೊದಲ ಸಂಖ್ಯೆಯ ಅಂಕಿಗಳ ಮೊತ್ತ 78. ಏಳು ಎಂಟು ಹದಿನೈದು, ಒಂದು ಐದು ಆರು. ಎರಡನೆಯದರ ಮೊತ್ತ 74. ಏಳು ನಾಲ್ಕು ಹನ್ನೊಂದು, ಒಂದು ಒಂದು ಎರಡು. ಆರೆರಡಲಿ ಹನ್ನೆರಡು, ಒಂದು ಎರಡು ಮೂರು. ಹಾಗಾದರೆ ಉತ್ತರದ ಅಂಕಿಗಳನ್ನು ಕೂಡಿದಾಗಲೂ ಕೊನೆಗೆ ಮೂರೇ ಬರಬೇಕು. ಕೂಡಿ ನೋಡಿ: 138. ಒಂದು ಮೂರು ಎಂಟು ಹನ್ನೆರಡು, ಒಂದು ಎರಡು ಮೂರು. ತಾಳೆಯಾಯಿತು.

ಇದರಲ್ಲಿ ಮಾಯವೇನಿಲ್ಲ. ಹತ್ತೆಂದರೆ ಒಂಬತ್ತು ಮತ್ತು ಒಂದು, ನೂರೆಂದರೆ ತೊಂಬತ್ತೊಂಬತ್ತು ಮತ್ತು ಒಂದು. ಯಾವ ಸ್ಥಾನದ ಅಂಕಿಯಾದರೂ ಒಂಬತ್ತರಿಂದ ಭಾಗಿಸಿದಾಗ ಉಳಿಯುವುದು ಆ ಅಂಕಿಯಷ್ಟೇ. ಆದ್ದರಿಂದ ಅಂಕಿಗಳನ್ನು ಕೂಡಿದರೆ ಒಂಬತ್ತರ ಶೇಷ ಸಿಗುತ್ತದೆ. ಆದರೆ ಈ ತಾಳೆಗೆ ಒಂದು ದೌರ್ಬಲ್ಯವಿದೆ. 62 ಬರೆಯುವಲ್ಲಿ 26 ಬರೆದರೆ ಮೊತ್ತ ಬದಲಾಗುವುದಿಲ್ಲ, ತಪ್ಪು ಸಿಕ್ಕುವುದಿಲ್ಲ. ಅಂಕಿ ಹಿಂದುಮುಂದಾಗುವುದು ನಾವು ಖಾತೆ ನಂಬರ್ ಬರೆಯುವಾಗ ಮಾಡುವ ತೀರ ಸಾಮಾನ್ಯ ತಪ್ಪು. ಅದನ್ನು ಹಿಡಿಯಲು ಹನ್ನೊಂದರ ಪರೀಕ್ಷೆ ಬೇಕು.

ಹನ್ನೊಂದರದ್ದು ಹೀಗೆ. ಒಂದು ಬಿಟ್ಟು ಒಂದು ಅಂಕಿಯನ್ನು ಕೂಡಿ, ಬಿಟ್ಟವನ್ನು ಬೇರೆ ಕೂಡಿ. ಎರಡು ಮೊತ್ತಗಳ ವ್ಯತ್ಯಾಸ ಸೊನ್ನೆಯಾದರೆ ಅಥವಾ ಹನ್ನೊಂದರ ಮಗ್ಗಿಯಲ್ಲಿದ್ದರೆ ಆ ಸಂಖ್ಯೆ ಹನ್ನೊಂದರಿಂದ ಭಾಗವಾಗುತ್ತದೆ. ನಮ್ಮ ಎರಡನೆಯ ಸಂಖ್ಯೆ ತೆಗೆದುಕೊಳ್ಳಿ. 2, 6, 0, 9, 4, 7, 9 ಕೂಡಿದರೆ 37. ಉಳಿದ 4, 5, 9, 7, 5, 7 ಕೂಡಿದರೂ 37! ವ್ಯತ್ಯಾಸ ಸೊನ್ನೆ. ಅಂದರೆ 2,465,099,745,779 ಎಂಬುದು 11 ಮತ್ತು 224,099,976,889ರ ಗುಣಲಬ್ಧ. ಗುಣಿಸಿದ ಸಂಖ್ಯೆಯೊಂದರಲ್ಲಿ ಹನ್ನೊಂದು ಇದ್ದ ಮೇಲೆ ಉತ್ತರದಲ್ಲೂ ಇರಲೇಬೇಕು. ಇದ್ದರೆ 26 ಅಂಕಿಗಳ ಆ ಉತ್ತರದಲ್ಲಿ ಒಂದು ಬಿಟ್ಟು ಒಂದು ಕೂಡಿದಾಗ ಗೊತ್ತಾಗಬೇಕು. ಕೂಡಿ. ಒಂದು ಕಡೆ 69, ಇನ್ನೊಂದು ಕಡೆಯೂ 69.

ಇದನ್ನು ಮೊದಲ ಬಾರಿ ಕೂಡಿ ನೋಡಿದಾಗ ನನಗೆ ಮೈ ಜುಮ್ಮೆಂದಿತು. ಲಂಡನ್ನಿನಲ್ಲಿ ಆ ಹೆಂಗಸು ನುಡಿದ 26 ಅಂಕಿಗಳಲ್ಲಿ ಪಕ್ಕಪಕ್ಕದ ಎರಡು ಬೇರೆ ಅಂಕಿಗಳು ಅದಲುಬದಲಾಗಿದ್ದರೂ ಈ 69–69ರ ಸಮತೋಲ ಮುರಿದುಬೀಳುತ್ತಿತ್ತು. ಎರಡು ಪರೀಕ್ಷೆಗಳಿಂದ ಉತ್ತರ ಪೂರ್ತಿ ಸರಿ ಎಂದು ಸಾಬೀತಾಗುವುದಿಲ್ಲ, ಅದು ನಿಜ. ಆದರೆ ಸಾಮಾನ್ಯ ತಪ್ಪುಗಳು ಇದರಲ್ಲಿ ಸಿಕ್ಕಿಬೀಳುತ್ತವೆ. ನಿಮ್ಮ ಆಧಾರ್ ಸಂಖ್ಯೆಯ ಕೊನೆಯ ಅಂಕಿ ಕೂಡ ಇಂಥದೇ ಕಾವಲುಗಾರ. ಮೊದಲ 11 ಅಂಕಿಗಳಿಂದ ಲೆಕ್ಕ ಹಾಕಿ ಅದನ್ನು ಸೇರಿಸಿರುತ್ತಾರೆ. ನೀವು ಒಂದಂಕಿ ತಪ್ಪಾಗಿ ಒತ್ತಿದರೆ ಕಂಪ್ಯೂಟರಿಗೆ ಕೂಡಲೇ ಗೊತ್ತಾಗುತ್ತದೆ.

ಈಗ ಅವಿಭಾಜ್ಯ ಸಂಖ್ಯೆಗಳಿಗೆ ಬರೋಣ. ತಟ್ಟೆಯಲ್ಲಿ 12 ಲಾಡು ಜೋಡಿಸಬೇಕು ಎಂದುಕೊಳ್ಳಿ. ಮೂರು ಸಾಲು, ಸಾಲಿಗೆ ನಾಲ್ಕು. ಇಲ್ಲವೇ ಎರಡು ಸಾಲು, ಸಾಲಿಗೆ ಆರು. ಚೆಂದ ಕೂರುತ್ತವೆ. 13 ಲಾಡು ಕೊಟ್ಟರೆ? ಹೇಗೆ ಜೋಡಿಸಿದರೂ ಒಂದು ಹೊರಗುಳಿಯುತ್ತದೆ, ಉದ್ದಕ್ಕೆ ಒಂದೇ ಸಾಲು ಇಟ್ಟರೆ ಮಾತ್ರ ಸರಿ. ಹಾಗೆ ಸಮ ಸಾಲುಗಳಿಗೆ ಒಗ್ಗದ 2, 3, 5, 7, 11, 13 ಇವು ಅವಿಭಾಜ್ಯ ಸಂಖ್ಯೆಗಳು. ಉಳಿದ ಎಲ್ಲ ಸಂಖ್ಯೆಗಳೂ ಇವನ್ನೇ ಗುಣಿಸಿ ಆದವು. 12 ಎಂದರೆ 2, 2, 3. ಪ್ರತಿ ಸಂಖ್ಯೆಗೂ ಇಂಥ ಸಾಮಗ್ರಿ ಪಟ್ಟಿ ಒಂದೇ ಒಂದು. ಅವನ್ನೇ ಆ ಸಂಖ್ಯೆಯ ಅವಿಭಾಜ್ಯ ಅಪವರ್ತನಗಳು ಎನ್ನುತ್ತೇವೆ.

ನಮ್ಮ 26 ಅಂಕಿಗಳ ಪಟ್ಟಿಯಲ್ಲಿ ಈಗಾಗಲೇ ನಮಗೆ ಏನೇನು ಸಿಕ್ಕಿದೆ ನೋಡಿ. ಕೊನೆಗೆ ಸೊನ್ನೆಯಿದೆ, ಅಂದರೆ 2 ಮತ್ತು 5 ಇವೆ. ಅಂಕಿಗಳ ಮೊತ್ತ 138, ಅದು ಮೂರರಿಂದ ಭಾಗವಾಗುತ್ತದೆ, ಒಂಬತ್ತರಿಂದ ಆಗುವುದಿಲ್ಲ. ಅಂದರೆ 3 ಇದೆ, ಒಂದೇ ಸಲ ಇದೆ. 11 ಇದೆ. ಬರೇ ಕಣ್ಣಲ್ಲಿ ನೋಡಿ ನಾಲ್ಕು ಅಪವರ್ತನ ಹೊರತೆಗೆದೆವು.

ದೊಡ್ಡ ಸಂಖ್ಯೆಗಳ ಈ ಹುಚ್ಚು ನಮ್ಮ ನಾಡಿಗೆ ಹೊಸದೂ ಅಲ್ಲ. ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ಬರೆದರು. ಏಕ, ದಶ, ಶತದಿಂದ ಹಿಡಿದು 'ಮಹಾಕ್ಷೋಭ'ದ ವರೆಗೆ 24 ಸ್ಥಾನಗಳಿಗೆ ಅವರು ಹೆಸರು ಕೊಟ್ಟಿದ್ದಾರೆ. ಶಕುಂತಲಾ ದೇವಿಯವರ ಉತ್ತರ ಅದಕ್ಕಿಂತ ಎರಡೇ ಅಂಕಿ ಉದ್ದ. ಮಹಾವೀರಾಚಾರ್ಯರಲ್ಲಿ ಹಾರದಂತೆ ಎರಡೂ ಕಡೆಯಿಂದ ಒಂದೇ ಥರ ಕಾಣುವ ಗುಣಾಕಾರಗಳೂ ಇವೆ. 139ನ್ನು 109ರಿಂದ ಗುಣಿಸಿದರೆ 15151. 27994681ನ್ನು 441ರಿಂದ ಗುಣಿಸಿದರೆ 12345654321. ಈ ಎರಡನೆಯ ಹಾರವನ್ನು ಬಿಚ್ಚಿದರೆ ಗುಟ್ಟು ಗೊತ್ತಾಗುತ್ತದೆ. ಅದು 111111ರ ವರ್ಗ. 111111 ಎಂದರೆ 3, 7, 11, 13, 37 ಇವುಗಳ ಗುಣಲಬ್ಧ. 3 ಮತ್ತು 7 ಒಂದು ಕಡೆ ಹೋದರೆ 21, ಅದರ ವರ್ಗ 441. ಉಳಿದ 11, 13, 37 ಇನ್ನೊಂದು ಕಡೆ ಸೇರಿದರೆ 5291, ಅದರ ವರ್ಗ 27994681. ಹಾರದ ಚೆಲುವು ಪೋಣಿಸಿದ ಮಣಿಗಳಲ್ಲಿದೆ.

ಈ ಪರಂಪರೆ ಮುಂಬಯಿಗೂ ಬಂದಿದೆ. 1933ರಲ್ಲಿ ಮಂಡ್ಯದಲ್ಲಿ ಹುಟ್ಟಿದ ಕೆ. ರಾಮಚಂದ್ರ ಅವರು ನಮ್ಮ ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ದುಡಿದು ಸಂಖ್ಯಾಸಿದ್ಧಾಂತದಲ್ಲಿ ಜಗತ್ತಿಗೇ ಗೊತ್ತಾದವರು. 1969ರಲ್ಲಿ ಅವರು ಪ್ರಕಟಿಸಿದ ಒಂದು ಲೇಖನದ ವಿಷಯ, ದೊಡ್ಡ ಅವಿಭಾಜ್ಯ ಅಪವರ್ತನ ಹೊಂದಿರುವ ಸಂಖ್ಯೆಗಳು. ಇದೇ ನಾವು ಲಾಡು ಜೋಡಿಸುತ್ತ ಮಾತಾಡುತ್ತಿರುವ ವಿಷಯ.

ಮತ್ತೆ ಶಕುಂತಲಾ ದೇವಿಯವರ ಬಳಿಗೆ. 1977ರಲ್ಲಿ ಅಮೆರಿಕದ ಡಲ್ಲಾಸ್‌ನ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದಲ್ಲಿ ಅವರಿಗೆ 201 ಅಂಕಿಗಳ ಒಂದು ಸಂಖ್ಯೆ ಕೊಟ್ಟರು. 91674ರಿಂದ ಶುರುವಾಗಿ 771ರಲ್ಲಿ ಮುಗಿಯುವ ಸಂಖ್ಯೆ. ಅದರ 23ನೆಯ ಮೂಲ ಹೇಳಬೇಕು, ಅಂದರೆ ಯಾವ ಸಂಖ್ಯೆಯನ್ನು 23 ಸಲ ಬರೆದು ಒಟ್ಟು ಗುಣಿಸಿದರೆ ಇದು ಬರುತ್ತದೆ? 50 ಸೆಕೆಂಡಿನಲ್ಲಿ ಅವರು ಹೇಳಿದರು: 546372891. ಸರಿಯೆಂದು ಖಚಿತಪಡಿಸಲು ಯೂನಿವ್ಯಾಕ್ ಕಂಪ್ಯೂಟರಿಗೆ ವಿಶೇಷ ಪ್ರೋಗ್ರಾಂ ಬರೆಯಬೇಕಾಯಿತು.

ಆ ಉತ್ತರವನ್ನು ನಿಧಾನವಾಗಿ ನೋಡಿ. 5, 4, 6, 3, 7, 2, 8, 9, 1. ಒಂದರಿಂದ ಒಂಬತ್ತರವರೆಗಿನ ಎಲ್ಲ ಅಂಕಿಗಳೂ ತಲಾ ಒಂದು ಸಲ ಬಂದಿವೆ! ಅವುಗಳ ಮೊತ್ತ ಯಾವಾಗಲೂ 45, ಹಾಗಾಗಿ ಅದು ಒಂಬತ್ತರಿಂದ ಭಾಗವಾಗಲೇಬೇಕು. ಭಾಗಿಸಿದರೆ 60708099. ಇದರ ಅಂಕಿಗಳ ಮೊತ್ತ 39, ಮೂರರಿಂದ ಇನ್ನೊಮ್ಮೆ ಹೋಗುತ್ತದೆ. ಕೊನೆಗೆ 20236033 ಉಳಿಯುತ್ತದೆ. ಹಾಗಾದರೆ 201 ಅಂಕಿಗಳ ಆ ದೈತ್ಯ ಸಂಖ್ಯೆಯ ಒಳಗೆ ಇರುವುದೇನು? 3 ಎಂಬುದು 69 ಸಲ, 20236033 ಎಂಬುದು 23 ಸಲ, ಅಷ್ಟೇ. ನಮ್ಮ ಬ್ಯಾನರಿನಷ್ಟು ಉದ್ದದ ಸಂಖ್ಯೆ ಒಂದು ಸಾಲಿಗೆ ಇಳಿಯಿತು.

ಇನ್ನು ಅದೇ 1977ರ ಇನ್ನೊಂದು ಕಥೆ. ಅಮೆರಿಕದ ಎಂಐಟಿಯ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ಹೊಸ ಬಗೆಯ ಗುಪ್ತಲಿಪಿಯೊಂದನ್ನು ರೂಪಿಸಿದರು. ಎರಡು ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸಿ ಬಂದ ಸಂಖ್ಯೆಯನ್ನು ಊರಿಗೆಲ್ಲ ತೋರಿಸಬಹುದು, ಅದು ಬೀಗ. ಒಳಗಿನ ಎರಡು ಸಂಖ್ಯೆಗಳನ್ನು ಬಚ್ಚಿಡಬೇಕು, ಅವು ಕೀಲಿ. ಆ ವರ್ಷದ ಆಗಸ್ಟ್ ತಿಂಗಳ 'ಸೈಂಟಿಫಿಕ್ ಅಮೆರಿಕನ್' ಪತ್ರಿಕೆಯಲ್ಲಿ ಮಾರ್ಟಿನ್ ಗಾರ್ಡ್ನರ್ ತಮ್ಮ ಅಂಕಣದಲ್ಲಿ 129 ಅಂಕಿಗಳ ಒಂದು ಸಂಖ್ಯೆಯನ್ನು ಅಚ್ಚು ಹಾಕಿದರು. ಒಡೆದವರಿಗೆ 100 ಡಾಲರ್ ಬಹುಮಾನ. ಅಂದಿನ ವಿಧಾನಗಳಲ್ಲಿ ಕೋಟ್ಯಂತರ ವರ್ಷ ಬೇಕೆಂಬ ಅಂದಾಜಿತ್ತು. ಕೊನೆಗೆ ಒಡೆದದ್ದು 1994ರ ಏಪ್ರಿಲ್‌ನಲ್ಲಿ. ಇಂಟರ್ನೆಟ್ ಮೂಲಕ ಸುಮಾರು 600 ಮಂದಿ ಸ್ವಯಂಸೇವಕರು ತಮ್ಮ ಕಂಪ್ಯೂಟರುಗಳನ್ನು ಜೋಡಿಸಿ ಸುಮಾರು ಎಂಟು ತಿಂಗಳು ದುಡಿದ ಮೇಲೆ. ಒಳಗಿದ್ದದ್ದು 64 ಅಂಕಿಯ ಒಂದು, 65 ಅಂಕಿಯ ಒಂದು ಅವಿಭಾಜ್ಯ ಸಂಖ್ಯೆ.

ಈಗ ಎರಡನ್ನೂ ಪಕ್ಕಪಕ್ಕ ಇಡಿ. 201 ಅಂಕಿಯದ್ದು ಒಬ್ಬ ಹೆಂಗಸಿನ ಮುಂದೆ 50 ಸೆಕೆಂಡಿನಲ್ಲಿ ತೆರೆದುಕೊಂಡಿತು. 129 ಅಂಕಿಯದ್ದು ಇಡೀ ಜಗತ್ತಿಗೆ 17 ವರ್ಷ ಬಾಗಿಲು ತೆರೆಯಲಿಲ್ಲ. ಚಿಕ್ಕದೇ ಗಟ್ಟಿ! ಯಾಕೆ? 201 ಅಂಕಿಯದರ ಕಟ್ಟಡ ಯಾವ ಬಗೆಯದು ಎಂದು ಮೊದಲೇ ಗೊತ್ತಿತ್ತು: ಒಂದೇ ಸಂಖ್ಯೆ 23 ಸಲ. 129 ಅಂಕಿಯದರ ಕಟ್ಟಡ ಹೊರಗಿನಿಂದ ನೋಡಿದರೆ ಏನೂ ಕಾಣದು. ಸಂಖ್ಯೆಯ ಕಷ್ಟ ಅದರ ಉದ್ದದಲ್ಲಿಲ್ಲ, ಅದು ಹೇಗೆ ಆಗಿದೆ ಎಂಬುದು ನಮಗೆ ತಿಳಿದಿದೆಯೋ ಇಲ್ಲವೋ ಎಂಬುದರಲ್ಲಿದೆ. ಇವತ್ತು ನಾನು ಹೇಳಬೇಕೆಂದು ಬಂದ ಮಾತು ಇದೊಂದೇ.

ಈ ಬೀಗ ಇಂದೂ ಬಳಕೆಯಲ್ಲಿದೆ. ಬ್ಯಾಂಕಿನ ಜಾಲತಾಣ ತೆರೆದಾಗ ಮೇಲೆ ಕಾಣುವ ಪುಟ್ಟ ಬೀಗದ ಚಿತ್ರದ ಹಿಂದೆ ಇರುವ ವ್ಯವಸ್ಥೆಗಳಲ್ಲಿ ಇದೂ ಒಂದು. ಇದರ ಹಳೆಯ ಸವಾಲಿನ ಪಟ್ಟಿಯಲ್ಲಿದ್ದ 250 ಅಂಕಿಯ ಸಂಖ್ಯೆಯನ್ನು 2020ರಲ್ಲಿ ಒಡೆದರು. ಅದೇ ಪಟ್ಟಿಯ 617 ಅಂಕಿಯದನ್ನು ಯಾರೂ ಒಡೆದಿಲ್ಲ. ಮುಂದೆ ಶಕ್ತಿಶಾಲಿ ಕ್ವಾಂಟಂ ಕಂಪ್ಯೂಟರ್ ಬಂದರೆ ಒಡೆಯಬಹುದು ಎಂದು 1994ರಲ್ಲೇ ಪೀಟರ್ ಶೋರ್ ತೋರಿಸಿದ್ದಾರೆ, ಅದಕ್ಕಾಗಿ ಬೇರೆ ಬಗೆಯ ಬೀಗಗಳೂ ಸಿದ್ಧವಾಗುತ್ತಿವೆ. ಆದರೆ ಅಕ್ಕಂದಿರೇ, ಒಂದು ಮಾತು ನೆನಪಿಡಿ. ಕಳ್ಳರಾರೂ 617 ಅಂಕಿಗಳ ಬೀಗ ಒಡೆಯಲು ಕೂರುವುದಿಲ್ಲ. ಅವರು ಫೋನ್ ಮಾಡಿ ನಮ್ಮ ಬಾಯಿಂದಲೇ 6 ಅಂಕಿಯ ಓಟಿಪಿ ಹೇಳಿಸಿಕೊಳ್ಳುತ್ತಾರೆ. ಗಣಿತ ತನ್ನ ಕೆಲಸ ಸರಿಯಾಗಿ ಮಾಡಿದೆ. ಬಾಗಿಲು ಒಳಗಿನಿಂದ ತೆರೆಯದಿರುವುದು ನಮ್ಮ ಕೆಲಸ.

ಕೊನೆಯದಾಗಿ ವೇಗದ ಮಾತು. 1988ರಲ್ಲಿ ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಆರ್ಥರ್ ಜೆನ್ಸನ್ ಶಕುಂತಲಾ ದೇವಿಯವರನ್ನು ಪರೀಕ್ಷಿಸಿ, 1990ರಲ್ಲಿ ಅದನ್ನು ಪ್ರಕಟಿಸಿದರು. ಅವರು ಕೊಟ್ಟ ಒಂದು ಲೆಕ್ಕ 61629875ರ ಘನಮೂಲ. ಅವರು ಪ್ರಶ್ನೆ ಬರೆದುಕೊಳ್ಳುವ ಮೊದಲೇ ಉತ್ತರ ಬಂದಿತ್ತು: 395. ಆದರೆ ದೀಪ ಹೊತ್ತಿದ ಕೂಡಲೇ ಗುಂಡಿ ಒತ್ತುವಂಥ ಸರಳ ಪರೀಕ್ಷೆಗಳಲ್ಲಿ ಅವರ ವೇಗ ಅಸಾಮಾನ್ಯವಾಗೇನೂ ಇರಲಿಲ್ಲ. ಅಂದರೆ ಅವರ ಮೆದುಳು ಯಂತ್ರದ ಹಾಗೆ ಓಡುತ್ತಿರಲಿಲ್ಲ. ಎಳವೆಯಿಂದ ಸಂಖ್ಯೆಗಳ ಜೊತೆ ಬಾಳಿ ಅವುಗಳ ಒಳಗು ಹೊರಗು ಅವರಿಗೆ ಪರಿಚಯವಾಗಿತ್ತು. 'ಮಾನವ ಕಂಪ್ಯೂಟರ್' ಎಂಬ ಬಿರುದು ಅವರಿಗೆ ಇಷ್ಟವಾಗುತ್ತಿರಲಿಲ್ಲವಂತೆ. ಅದು ಸಹಜವೇ.

ಆ ಘನಮೂಲವನ್ನು ನಾವೂ ತೆಗೆಯೋಣ. ಕೊನೆಯ ಅಂಕಿ 5. ಘನ ಮಾಡಿದಾಗ 5ರಲ್ಲಿ ಮುಗಿಯುವುದು 5ರಲ್ಲಿ ಮುಗಿಯುವ ಸಂಖ್ಯೆ ಮಾತ್ರ. ಹಾಗಾಗಿ ಉತ್ತರದ ಕೊನೆ 5. ಕೊನೆಯ ಮೂರಂಕಿ ಬಿಟ್ಟರೆ ಉಳಿಯುವುದು 61629. 40ರ ಘನ 64000, ಹೆಚ್ಚಾಯಿತು. 39ರ ಘನ 59319, ಸರಿ. 39ರ ಪಕ್ಕಕ್ಕೆ 5. ಉತ್ತರ 395. ಅವರಿಗೆ ಒಂದು ಕ್ಷಣ ಸಾಕಾಯಿತು, ನಮಗೆ ಒಂದು ನಿಮಿಷ ಹಿಡಿಯಿತು. ಆದರೆ ನಾವೂ ತಲುಪಿದೆವು.

ಇದನ್ನು ಯಾಕೆ ಒತ್ತಿ ಹೇಳುತ್ತೇನೆಂದರೆ, ಲೆಕ್ಕ ಎಂದರೆ ವೇಗ ಎಂದು ನಾವು ಮಕ್ಕಳಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ ಬಹಳ ಬೇಗ ಕಲಿಸಿಬಿಡುತ್ತೇವೆ. ಪಕ್ಕದ ಮನೆಯವನು ಮೊದಲು ಉತ್ತರ ಹೇಳಿದರೆ ನಮ್ಮ ಹುಡುಗಿ ಕೈ ಕೆಳಗಿಳಿಸುತ್ತಾಳೆ. ಮುಂದೆ ದೊಡ್ಡವಳಾಗಿ, ನನಗೆ ಲೆಕ್ಕ ಹತ್ತುವುದಿಲ್ಲ ಎನ್ನುತ್ತಾಳೆ. ಗೃಹಸಾಲದ ಕಾಗದಕ್ಕೂ ವಿಮೆಯ ಕಾಗದಕ್ಕೂ ಓದದೆ ಸಹಿ ಹಾಕುತ್ತಾಳೆ. ಅದೇ ಹೆಂಗಸು ಹದಿಮೂರು ಜನರ ಭಿಶಿಯ ಲೆಕ್ಕವನ್ನು ಒಂದು ರೂಪಾಯಿ ಆಚೀಚೆಯಾಗದಂತೆ ನಡೆಸುತ್ತಿರುತ್ತಾಳೆ! ಅದು ಲೆಕ್ಕವೆಂದು ಅವಳಿಗೆ ಯಾರೂ ಹೇಳಿರುವುದಿಲ್ಲ, ಅಷ್ಟೇ. ನಿಧಾನವಾಗಿ ಬಿಚ್ಚಿ ನೋಡುವವಳೂ ಗಣಿತವನ್ನೇ ಮಾಡುತ್ತಿದ್ದಾಳೆ. ಬಡ್ಡಿಯ ಲೆಕ್ಕವಿರಲಿ, 26 ಅಂಕಿಯಿರಲಿ, ಕೇಳಬೇಕಾದ ಪ್ರಶ್ನೆ ಒಂದೇ: ಇದು ಯಾವುದರಿಂದ ಆಗಿದೆ?

ಮನೆಗೆ ಒಂದು ಕೆಲಸ ಕೊಟ್ಟು ಮುಗಿಸುತ್ತೇನೆ. 20236033 ಉಳಿದಿತ್ತಲ್ಲ, ಅದು ಇನ್ನೂ ಒಡೆಯುತ್ತದೆಯೇ? 3, 7, 11, 13 ಹೋಗುವುದಿಲ್ಲ. ಶಾಲೆಯ ವಿಧಾನದಲ್ಲಿ ಅದರ ವರ್ಗಮೂಲದವರೆಗೆ, ಅಂದರೆ 4498ರವರೆಗಿನ ಅವಿಭಾಜ್ಯ ಸಂಖ್ಯೆಗಳಿಂದ ಭಾಗಿಸಿ ನೋಡಿದರೆ ಸಾಕು. ಅವು ಸುಮಾರು 600 ಇವೆ. ಎಂಟೇ ಅಂಕಿಯ ಸಂಖ್ಯೆಗೆ ಇಷ್ಟು ಕೆಲಸವಿದ್ದರೆ 617 ಅಂಕಿಗೆ ಎಷ್ಟೆಂದು ಆಗ ತಾನಾಗಿ ಅರ್ಥವಾಗುತ್ತದೆ. ಹಿಂದಿನ ಸಾಲಿನ ಮಕ್ಕಳೇ, ಅಮ್ಮಂದಿರಿಗೂ ಪಾಲು ಕೊಟ್ಟು ಹಂಚಿಕೊಂಡು ಮಾಡಿ. ಕೋಡಿಂಗ್ ಕಲಿಯುತ್ತಿರುವವರು ನಾಲ್ಕು ಸಾಲಿನ ಪ್ರೋಗ್ರಾಂ ಬರೆದು ಅಜ್ಜಿಗೆ ಅರ್ಥವಾಗುವ ಹಾಗೆ ವಿವರಿಸಿ. ಮುಂದಿನ ತಿಂಗಳು ಸೇರಿದಾಗ ಉತ್ತರ ತನ್ನಿ. ಮೊದಲು ತಂದವರಿಗೆ ಬಹುಮಾನವಿಲ್ಲ. ಹೇಗೆ ಸಿಕ್ಕಿತು ಎಂದು ಇಲ್ಲಿ ನಿಂತು ಹೇಳುವ ಎಲ್ಲರಿಗೂ ಲಾಡು ಇದೆ, 13ರ ತಟ್ಟೆಯಲ್ಲಿ ಹೊರಗುಳಿದದ್ದೂ ಸೇರಿ.